ಹಾಸಿಗೆಯಪ್ಪನಿಗೆ ಅಲರ್ಜಿ ಬಂದದ್ದು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಯಾರೂ ಹಾಸಿಗೆ ಅಂಗಡಿಯಲ್ಲಿ ಒಂದು ದಿನವೂ ದುಡಿದವರಲ್ಲ. ದುಡಿದಿದ್ದರೆ, ಸುತ್ತ ನಾಲ್ಕೂ ಕಡೆ ಹಾಸಿಗೆಯೇ ಇದ್ದು ಕಾಲು ಚಾಚುವ ಹಾಗಿಲ್ಲದ ಬದುಕೂ ಒಂದುಂಟು ಎಂದು ತಿಳಿದು ಗಾದೆಯನ್ನು ಸ್ವಲ್ಪ ತಿದ್ದುತ್ತಿದ್ದರು.

ನಮ್ಮ ಹಾಸಿಗೆಯಪ್ಪನದು ಅಂಥ ಬದುಕು. ಊರಿನವರನ್ನೆಲ್ಲ ಮಲಗಿಸುವುದೇ ಅವನ ಕೆಲಸ. "ಮಲಗಿ ನೋಡಿ ಸಾರ್, ಮೇಡಂ ನೀವೂ ಮಲಗಿ, ಚಪ್ಪಲಿ ಇರಲಿ ಪರವಾಗಿಲ್ಲ" ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತ, ಅವರು ಮಲಗಿದಾಗ ತಾನು ತಲೆದೆಸೆಯಲ್ಲಿ ಕೈಕಟ್ಟಿ ನಿಲ್ಲುವುದು. ಕೆಲವು ಗಿರಾಕಿಗಳು ನಿಜವಾಗಿಯೂ ನಿದ್ದೆ ಹೋಗುತ್ತಿದ್ದರು. ಆಗ ಅವರನ್ನು ಎಬ್ಬಿಸಬಾರದೆಂಬುದು ಮಾಲೀಕರ ಅಪ್ಪಣೆ. ಚೆನ್ನಾಗಿ ಮಲಗಿ ಎದ್ದವನು ಚೆನ್ನಾಗಿ ಕೊಳ್ಳುತ್ತಾನೆಂಬುದು ಅವರ ಸಿದ್ಧಾಂತ. ಪರರ ಗೊರಕೆಗೆ ಕಾವಲು ನಿಂತು ನಿಂತು ಹಾಸಿಗೆಯಪ್ಪನ ಕಣ್ಣಿನ ಕೆಳಗೆ ಎರಡು ಪುಟ್ಟ ದಿಂಬುಗಳೇ ಬೆಳೆದಿದ್ದವು.

ಮನೆಗೆ ಬಂದರೂ ನಿದ್ದೆಯಿಲ್ಲ. ಮಗಳು ಗುಬ್ಬಿಗೆ ಕಡಲೆಕಾಯಿ ಆಗದು, ಮೊಟ್ಟೆ ಆಗದು. ಒಂದು ಚೂರು ಬಾಯಿಗೆ ಬಿದ್ದರೂ ತುಟಿ ಊದಿ, ಮೈಮೇಲೆ ಗಂಧೆ ಎದ್ದು, ಉಸಿರು ಸಿಕ್ಕಿಕೊಳ್ಳುತ್ತದೆ. ಅಂಥದ್ದೊಂದು ರಾತ್ರಿಯನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಂದಿನಿಂದ ಗಂಡಹೆಂಡತಿ ಇಬ್ಬರೂ ಒಂದು ಕಿವಿ ತೆರೆದಿಟ್ಟೇ ಮಲಗುತ್ತಿದ್ದರು. ಹೆಂಡತಿಯ ಕೈಚೀಲದಲ್ಲಿ ಎರಡು ಇಂಜೆಕ್ಷನ್ ಪೆನ್ನು ಸದಾ ಇರಬೇಕು. ಹಾಗೇನಾದರೂ ಆದರೆ ಮಗುವಿನ ತೊಡೆಗೆ ಒತ್ತಿ ಹಿಡಿಯಬೇಕು, ಆಮೇಲೆ ಆಸ್ಪತ್ರೆಗೆ ಓಡಬೇಕು. ಹಾಸಿಗೆಯಪ್ಪನ ಪಾಲಿಗೆ ಬಂದದ್ದು ಭಾಷಣ. ಯಾವ ಹೋಟೆಲಿಗೆ ಹೋದರೂ ಅವನು ಎದ್ದು ನಿಂತು, ಅಂಗಡಿಯಲ್ಲಿ ಹಾಸಿಗೆಯ ಪದರಗಳನ್ನು ವಿವರಿಸುವ ಅದೇ ಗಂಟಲಿನಲ್ಲಿ, ಮಗಳಿಗೆ ಏನೇನು ಆಗದು, ತಿಂದರೆ ಏನೇನು ಆಗುತ್ತದೆ ಎಂದು ಹೇಳುವನು. ಅಕ್ಕಪಕ್ಕದ ಮೇಜಿನವರು ತುತ್ತು ಕೈಯಲ್ಲೇ ಹಿಡಿದು ಗುಬ್ಬಿಯನ್ನು ನೋಡುವರು. ಗುಬ್ಬಿ ಮೇಜಿನ ಅಡಿಯಲ್ಲಿ ಬಿದ್ದಿಲ್ಲದ ಚಮಚ ಹುಡುಕುವಳು.

ಇದರ ಜೊತೆಗೆ ಮನೆತನದ ಯುದ್ಧ ಬೇರೆ. ಈ ಅಲರ್ಜಿ ಯಾರ ಕಡೆಯಿಂದ ಬಂತು ಎಂಬುದು ಗುಬ್ಬಿ ಹುಟ್ಟಿದ ಮಾರನೆಯ ವರ್ಷದಿಂದಲೂ ಇತ್ಯರ್ಥವಾಗದ ವ್ಯಾಜ್ಯ. ಹಾಸಿಗೆಯಪ್ಪನ ತಾಯಿ, "ನಮ್ಮ ವಂಶದಲ್ಲಿ ಕಲ್ಲು ತಿಂದು ಅರಗಿಸಿಕೊಂಡವರೇ ಎಲ್ಲ" ಎನ್ನುತ್ತಿದ್ದರು. ಹೆಂಡತಿಯ ಅಣ್ಣ, ಬಣ್ಣದಂಗಡಿ ಇಟ್ಟಿದ್ದರಿಂದ ಎಲ್ಲರ ಬಾಯಲ್ಲೂ ಬಣ್ಣದ ಭಾವ ಎನಿಸಿಕೊಂಡಿದ್ದವನು, "ಅಲರ್ಜಿ ಅನ್ನೋದೇ ಸುಳ್ಳು. ಇದ್ರೂ ಅದು ನಮ್ಮ ಕಡೆಯದಲ್ಲ" ಎಂದು ಎರಡು ಬಾಗಿಲಿಗೂ ಬೀಗ ಹಾಕುತ್ತಿದ್ದ. ಇವನೂ ಹಾಸಿಗೆಯಪ್ಪನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಆ ಮಾತಿನಲ್ಲಿ ಪ್ರೀತಿ ಎಷ್ಟು, ತಾಳ್ಮೆ ಎಷ್ಟು ಎಂದು ಬೇರೆ ಮಾಡುವುದು ಕಷ್ಟವಾಗಿತ್ತು.

ಈ ಬಣ್ಣದ ಭಾವನಿಗೆ, ಹೆಚ್ಚು ಡಬ್ಬಿ ಮಾರಿದ್ದಕ್ಕೆ ಬಣ್ಣದ ಕಂಪನಿಯವರು ದೊಡ್ಡ ವಿನೋದ ಉದ್ಯಾನದ ಟಿಕೆಟ್‌ಗಳನ್ನು ಬಹುಮಾನ ಕೊಟ್ಟರು. ಆಟ, ತಿರುಗಣೆ, ನೀರಿನ ಜಾರುಬಂಡೆ, ಮಧ್ಯಾಹ್ನದ ಊಟ ಎಲ್ಲ ಸೇರಿ. ಭಾವನ ಹೆಂಡತಿ ಮಂಡಿನೋವೆಂದು ಮನೆಯಲ್ಲೇ ಉಳಿದಳು. ಭಾವ ತನ್ನ ಮಗನನ್ನೂ ತಂಗಿಯ ಸಂಸಾರವನ್ನೂ ಕರೆದುಕೊಂಡು ಹೊರಟ. ಹಾಸಿಗೆಯಪ್ಪನಿಗೆ ವಾರಕ್ಕೊಂದೇ ರಜೆ. ಆ ದಿನವನ್ನು ಮಲಗಿ ಕಳೆಯಬೇಕೆಂದು ಅವನು ವಾರವೆಲ್ಲ ಕನಸು ಕಂಡಿದ್ದ. ಅದನ್ನು ಈಗ ನಿಂತು ಕಳೆಯಬೇಕಾಗಿ ಬಂತು. ಉದ್ಯಾನದಲ್ಲಿ ಪ್ರತಿಯೊಂದಕ್ಕೂ ಸಾಲು. ತಲೆಕೆಳಗಾಗಿ ನೇತಾಡುವುದಕ್ಕೂ ಜನ ಬಿಸಿಲಲ್ಲಿ ನಿಂತು ಕಾಯುವುದನ್ನು ನೋಡಿ ಅವನಿಗೆ ಮನುಷ್ಯಜಾತಿಯ ಮೇಲೆ ಕನಿಕರ ಹುಟ್ಟಿತು.

ಮಧ್ಯಾಹ್ನ ಊಟದ ಹೊತ್ತಿಗೆ ಭಾವನೂ ಅವನ ಮಗನೂ ಇನ್ನೊಂದು ಸಲ ಜಾರುವುದಾಗಿ ಹೇಳಿ ಹಿಂದೆ ಉಳಿದರು. ಹಾಸಿಗೆಯಪ್ಪ, ಹೆಂಡತಿ, ಗುಬ್ಬಿ ಮೂವರೂ ಊಟದ ಸಾಲಿಗೆ ಬಂದು ನಿಂತರು. ಹೋಟೆಲಿನ ಹೆಸರು ಆದಿಮಾನವರ ಗುಹೆ. ಸಿಮೆಂಟಿನ ಬಂಡೆ, ಸಿಮೆಂಟಿನ ಬೇರು, ಬಾಗಿಲಲ್ಲಿ ಕತ್ತು ಆಡಿಸುವ ಡೈನೋಸಾರ್ ವೇಷದವನು. ಬಡಿಸುವವರೆಲ್ಲ ಪ್ಯಾಂಟು ಶರ್ಟಿನ ಮೇಲೆ ಚಿರತೆ ಚರ್ಮದಂಥ ಬಟ್ಟೆ ಸುತ್ತಿಕೊಂಡು, ಕಾಲಿಗೆ ಪಾಲಿಶ್ ಮಾಡಿದ ಬೂಟು ಹಾಕಿದ್ದರು.

ಗುಬ್ಬಿ ಅಪ್ಪನ ಅಂಗಿಯ ತುದಿ ಎಳೆದಳು.

"ಅಪ್ಪ, ಇವತ್ತು ನನ್ನ ವಿಷಯ ಹೇಳಬೇಡ."

"ಹೇಳದೆ ಹೇಗಮ್ಮ? ಊಟ ಬೇಡ್ವಾ?"

"ಇಲ್ಲಿ ಹೇಳಿದ್ರೆ ನಗಾರಿ ಬಾರಿಸ್ತಾರೆ. ಸ್ಕೂಲಿಂದ ಕರ್ಕೊಂಡು ಬಂದಾಗ ಬಾರಿಸಿದ್ರು. ಕೆಂಪು ಕುರ್ಚಿ ಮೇಲೆ ಒಬ್ಬಳನ್ನೇ ಕೂರಿಸಿ, ತಟ್ಟೆ ತರೋವಾಗ ಎಲ್ಲರಿಗೂ ಗೊತ್ತಾಗ್ಲಿ ಅಂತ ಢಂ ಢಂ. ಅವತ್ತಿಂದ ನಾನು ಕ್ಲಾಸಿಗೆ ಬಂದ ತಕ್ಷಣ ಹುಡುಗ್ರು ಡೆಸ್ಕ್ ಬಡೀತಾರೆ."

"ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ಸ್ಕೂಲಿಗೆ ಬಂದು ಭಾಷಣ ಮಾಡ್ತೀಯ."

ಮಗಳು ಬೂಟಿನ ತುದಿಯಿಂದ ನೆಲ ಕೆರೆಯುತ್ತ, "ಮಾವನ ಮಗನ ಮುಂದೆ ಬೇಡ ಅಪ್ಪ. ಒಂದಿನ" ಎಂದಳು.

"ಆಯ್ತು. ಅಲರ್ಜಿ ನನಗೆ ಅಂತ ಹೇಳ್ತೀನಿ. ನನಗೆ ತರೋದನ್ನೇ ನೀನೂ ತಿನ್ನು."

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ರೀ, ಸುಳ್ಳು ಹೇಳೋದಕ್ಕೂ ಒಂದು ಯೋಗ್ಯತೆ ಬೇಕು. ನಿಮಗೆ ಅದಿಲ್ಲ."

"ಪದರ ಪದರವಾಗಿ ದಿನಾ ಏನು ಮಾರ್ತೀನಿ ಅಂದ್ಕೊಂಡಿದ್ದೀಯ?" ಎಂದ ಹಾಸಿಗೆಯಪ್ಪ. ಅವನ ಬದುಕಿನಲ್ಲಿ ಜಂಬದ ಮಾತು ಅಪರೂಪ. ಆಡಿದ ಇದೊಂದು ಅವನಿಗೆ ದುಬಾರಿಯಾಯಿತು.

ಒಳಗೆ ಹೋಗಿ, ಕಡಲೆಕಾಯಿ, ಮೊಟ್ಟೆ ತನಗೆ ಆಗದೆಂದು ಅವನು ಹೇಳಿದೊಡನೆ ಗುಹೆಯ ಮೇಲ್ವಿಚಾರಕಿ ಬಂದಳು. ಚಿರತೆ ಚರ್ಮದ ಮೇಲೆ ವಾಕಿಟಾಕಿ ಸಿಕ್ಕಿಸಿಕೊಂಡಿದ್ದ ಆಕೆಯ ಮುಖದಲ್ಲಿ ನಗುವಿಗೆ ಜಾಗ ಬಿಟ್ಟಿರಲಿಲ್ಲ. ಅವನ ಕೈಗೆ ಕೆಂಪು ಪಟ್ಟಿ ಕಟ್ಟಿದಳು. ಕೆಂಪು ಗವಸು ಹಾಕಿದ ಕುರ್ಚಿಯೊಂದನ್ನು ತರಿಸಿ ಮೇಜಿನ ತುದಿಗೆ ಹಾಕಿಸಿದಳು. ಬೇರೆಯವರಿಗೆಲ್ಲ ಕಲ್ಲಿನ ಆಸನ, ಅದೊಂದೇ ಮೆತ್ತಗಿತ್ತು.

"ಎಷ್ಟು ಕಾಲದಿಂದ ಸಾರ್ ಈ ತೊಂದರೆ?"

"ಹುಟ್ಟಿದಾಗಿಂದ. ಅಂದ್ರೆ, ಗೊತ್ತಾಗಿದ್ದು ಆಮೇಲೆ."

"ಕೊನೇ ಸಲ ಯಾವಾಗ ಜಾಸ್ತಿ ಆಗಿತ್ತು?"

"ಒಂದನೇ ಕ್ಲಾಸಲ್ಲಿದ್ದಾಗ."

ಆಕೆ ಅವನ ನರೆತ ಮೀಸೆಯನ್ನು ನೋಡಿದಳು. ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ನನಗೆ ಎರಡು ತಟ್ಟೆ ಬೇಕು" ಎಂದ ಹಾಸಿಗೆಯಪ್ಪ, ಎರಡನೆಯದು ಗುಬ್ಬಿಗೆಂದು ಲೆಕ್ಕ ಹಾಕಿ.

"ಎರಡೂ ನಿಮಗೇನಾ?"

"ನನಗೆ ಹಸಿವು ಜಾಸ್ತಿ."

"ಅಲರ್ಜಿ ಇದ್ರೂನಾ?"

"ಇರೋದಕ್ಕೇ."

ಆಕೆ ಒಬ್ಬ ಆದಿಮಾನವನನ್ನು ಅವನ ಬೆನ್ನಿಗೆ ಕಾವಲು ನಿಲ್ಲಿಸಿ ಹೋದಳು. ಆದಿಮಾನವ ಒಳ್ಳೆಯವನು. ಗುಬ್ಬಿಯ ಮುಂದೆ ಏನೂ ಇಲ್ಲದ್ದನ್ನು ಕಂಡು ಅವನ ಕರುಳು ಚುರುಕ್ ಎಂದಿತು. ಅಪ್ಪನ ರೋಗಕ್ಕೆ ಮಗು ಯಾಕೆ ಉಪವಾಸ ಬೀಳಬೇಕು ಎಂದು, ಯಾರೂ ಕೇಳದಿದ್ದರೂ ಒಂದು ದೊಡ್ಡ ಬಟ್ಟಲು ಐಸ್‌ಕ್ರೀಮ್ ತಂದ. ಮೇಲೆ ಕಡಲೆಕಾಯಿ ಪುಡಿ ಹಿಮ ಬಿದ್ದ ಹಾಗೆ ಬಿದ್ದಿತ್ತು.

ಹಾಸಿಗೆಯಪ್ಪ ಬಟ್ಟಲು ಮೇಜಿಗೆ ತಾಗುವ ಮುಂಚೆಯೇ ಎದ್ದು ನಿಂತು ಕೈ ಅಡ್ಡ ಹಿಡಿದ. "ಬೇಡ. ಅವಳು ತಿನ್ನಲ್ಲ."

"ದುಡ್ಡಿಲ್ಲ ಸಾರ್, ಪುಕ್ಕಟೆ. ಮಗು ತಿನ್ನಲಿ. ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ."

"ಬೇಡ ಅಂದ್ನಲ್ಲ. ದೂರ ತಗೊಂಡು ಹೋಗಿ."

ಪಕ್ಕದ ಮೇಜಿನ ದಪ್ಪ ಕನ್ನಡಕದ ಹೆಂಗಸು ಚಮಚ ಕೆಳಗಿಟ್ಟಳು. "ನೋಡಿದ್ರಾ," ಎಂದಳು ಗಂಡನಿಗೆ, ಇಡೀ ಗುಹೆಗೆ ಕೇಳುವಂತೆ. "ತನಗೆ ತಿನ್ನಕ್ಕಾಗಲ್ಲ ಅಂತ ಮಗೂಗೂ ತಿನ್ನಿಸಲ್ಲ. ಇಂಥ ಅಪ್ಪಂದಿರೂ ಇರ್ತಾರೆ." ಗಂಡ ಜಗಿಯುತ್ತಲೇ ತಲೆಯಾಡಿಸಿದ. ಆ ತಲೆ ಯಾವ ಮಾತಿಗೂ ಹಾಗೆಯೇ ಆಡಿ ಅಭ್ಯಾಸವಾದದ್ದೆಂದು ಕತ್ತು ನೋಡಿದರೇ ತಿಳಿಯುತ್ತಿತ್ತು. ಹಾಸಿಗೆಯಪ್ಪ ಬಾಯಿ ತೆರೆದ. ಗುಬ್ಬಿಯ ಮುಖ ನೋಡಿ ಮುಚ್ಚಿದ.

ಆಗ ನಗಾರಿ ಮೊಳಗಿತು. ತಟ್ಟೆ ಎರಡಾದ್ದರಿಂದ ಎರಡು ಸಲ ಬಾರಿಸಿದರು. ಗುಹೆಯ ಅಷ್ಟೂ ತಲೆಗಳು ಒಟ್ಟಿಗೆ ಹೊರಳಿದವು. ಮೇಲ್ವಿಚಾರಕಿ ಮುಂದೆ, ತಟ್ಟೆಗಳು ಹಿಂದೆ. ಅನ್ನ, ಉಪ್ಪಿಲ್ಲದ ಬೇಳೆ, ಬೇಯಿಸಿದ ಬೀಟ್‌ರೂಟ್. ಹಾಸಿಗೆಯಪ್ಪ ಕೆಂಪು ಕುರ್ಚಿಯಲ್ಲಿ ಬೆವರುತ್ತ ಕುಳಿತಿದ್ದ. ಈ ಮೆರವಣಿಗೆಯ ಹಿಂದೆಯೇ, ಒದ್ದೆ ತಲೆಯ ಬಣ್ಣದ ಭಾವ ಮಗನ ಕೈ ಹಿಡಿದು ಒಳಗೆ ಬಂದ.

"ಯಾರಿಗಪ್ಪ ಇದು ನಗಾರಿ?"

"ಆ ಸಾರ್‌ಗೆ," ಎಂದ ಕಾವಲಿನ ಆದಿಮಾನವ. "ಕಡಲೆಕಾಯಿ, ಮೊಟ್ಟೆ ಎರಡೂ ಆಗಲ್ಲ. ಹುಟ್ಟಿದಾಗಿಂದ."

ಭಾವ ಕಲ್ಲಿನ ಮೇಲೆ ಕುಳಿತ. ಹಲವು ವರ್ಷ ನಡೆದ ಮೊಕದ್ದಮೆಯಲ್ಲಿ ಎದುರಾಳಿಯೇ ಕಟಕಟೆಗೆ ಬಂದು ತಪ್ಪೊಪ್ಪಿಕೊಂಡರೆ ವಕೀಲನಿಗೆ ಏನಾಗಬೇಕೋ ಅದು ಅವನಿಗೂ ಆಯಿತು.

"ಹುಟ್ಟಿದಾಗಿಂದ," ಎಂದ ಕೊನೆಗೆ. "ಮದುವೆ ಮಾತುಕತೆಗೆ ಬಂದಾಗ ಒಂದು ಮಾತು ಹೇಳಬಹುದಿತ್ತು ಭಾವ. ನಾವೇನು ಬೇಡ ಅಂತಿದ್ವಾ? ಯೋಚನೆ ಮಾಡ್ತಿದ್ವಿ, ಅಷ್ಟೇ."

"ಅದು ಹಾಗಲ್ಲ ಭಾವ..."

"ಇಷ್ಟು ವರ್ಷ ನಿಮ್ಮಮ್ಮ ನಮ್ಮ ವಂಶದ ಮೇಲೆ ಹಾಕಿದ್ರು. ನಮ್ಮಜ್ಜನ ತನಕ ಹೋದ್ರು. ನೀವು ಬಾಯಿಗೆ ಹಾಸಿಗೆ ತುರುಕಿಕೊಂಡು ಕೂತಿದ್ರಿ." ತಂಗಿಯ ಕಡೆ ತಿರುಗಿ, "ನಿನಗೆ ಗೊತ್ತಿತ್ತೇನೇ?" ಎಂದ.

ಹೆಂಡತಿ ಗುಬ್ಬಿಯನ್ನು ನೋಡಿದಳು. ಗುಬ್ಬಿ ಮೇಜಿನ ಅಂಚನ್ನು ಹಿಡಿದು ಕುಳಿತಿದ್ದಳು. "ಇವತ್ತೇ ಗೊತ್ತಾಗಿದ್ದು ಅಣ್ಣ" ಎಂದಳು ಹೆಂಡತಿ. ಸುಳ್ಳಲ್ಲ, ನಿಜವೂ ಅಲ್ಲ.

ಭಾವ ಅಲ್ಲಿಂದಲೇ ತನ್ನ ತಾಯಿಗೆ ಫೋನು ಮಾಡಿದ. ಆ ತಾಯಿ ತಡಮಾಡದೆ ಬೀಗಿತ್ತಿಗೆ ಫೋನು ಮಾಡಿದರು. ಬೀಟ್‌ರೂಟ್ ಎರಡನೆಯ ತುಂಡು ಬಾಯಿಗೆ ಹೋಗುವ ಹೊತ್ತಿಗೆ ಹಾಸಿಗೆಯಪ್ಪನ ಜೇಬಿನಲ್ಲಿ ಫೋನು ನಡುಗಿತು.

"ಏನೋ, ನಿನಗೆ ಕಡಲೆಕಾಯಿ ಆಗಲ್ವಂತೆ?" ಎಂದರು ಅವನ ತಾಯಿ.

ಬೆನ್ನ ಹಿಂದೆ ಆದಿಮಾನವ ಕಿವಿ ನಿಮಿರಿಸಿ ನಿಂತಿದ್ದ. ಎದುರಿಗೆ ಭಾವ. "ಹೂಂ ಅಮ್ಮ."

"ಚಿಕ್ಕವನಿದ್ದಾಗ ಮೂಟೆಗೇ ಕೈ ಹಾಕಿ ತಿಂತಿದ್ದೆಯಲ್ಲೋ. ಸಿಪ್ಪೆ ಸಮೇತ ತಿಂತಿದ್ದೆ."

"ಈಗ ಆಗಲ್ಲ ಅಮ್ಮ."

"ಯಾರ ಮನೆ ಅಳಿಯನಾದ ಮೇಲೆ ಆಗದೆ ಹೋಯ್ತು ಅಂತ ನನಗೆ ಗೊತ್ತು. ಫೋನ್ ಕೊಡು ಆ ಬಣ್ಣದವನಿಗೆ."

ಫೋನು ಮೇಜಿನ ಆಚೆಗೆ ಹೋಯಿತು. ಭಾವ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳತೊಡಗಿದ. ಈ ಗದ್ದಲದಲ್ಲಿ ಒಂದು ಒಳ್ಳೆಯದಾಯಿತು. ಕಾವಲಿನವನೂ ಕನ್ನಡಕದ ಹೆಂಗಸೂ ಫೋನಿನ ಕಡೆ ಕಿವಿಗೊಟ್ಟಿದ್ದಾಗ, ಹೆಂಡತಿ ಎರಡನೆಯ ತಟ್ಟೆಯನ್ನು ಮೆಲ್ಲಗೆ ಗುಬ್ಬಿಯ ಮುಂದೆ ಸರಿಸಿದಳು. ಗುಬ್ಬಿ ತಲೆ ತಗ್ಗಿಸಿ ಗಬಗಬನೆ ಉಂಡಳು. ಭಾವನ ಮಗ ಕಲ್ಲಿನ ಮೇಲೆ ಅವಳ ಪಕ್ಕದಲ್ಲೇ ಕುಳಿತು, ಜಾರುಬಂಡೆಯಲ್ಲಿ ತನ್ನ ಚಡ್ಡಿ ಎಲ್ಲಿಯವರೆಗೆ ಜಾರಿತೆಂದು ಹೇಳಿದ. ಗುಬ್ಬಿ ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ.

ಊಟ ಮುಗಿಯಿತು. ಹೆಂಡತಿ ಗುಬ್ಬಿಯನ್ನು ಕರೆದುಕೊಂಡು ಮೂಲೆಯ ನಲ್ಲಿಯ ಕಡೆ ಹೋದಳು. ಹತ್ತು ಹೆಜ್ಜೆಯ ದೂರವೆಂದು ಕೈಚೀಲ ಮೇಜಿನ ಮೇಲೇ ಉಳಿಯಿತು. ಹಾಸಿಗೆಯಪ್ಪ ಒರಗಿದ. ಕುರ್ಚಿ ಮೆತ್ತಗಿತ್ತು. ಗುಹೆ ತಂಪಾಗಿತ್ತು. ತಾಯಿಯ ದನಿ ಭಾವನ ಕೈಯೊಳಗಿಂದ ದೂರದ ಹೊಳೆಯ ಹಾಗೆ ಕೇಳುತ್ತಿತ್ತು. ವಾರವೆಲ್ಲ ಬಾಕಿ ಉಳಿದಿದ್ದ ನಿದ್ದೆ ಒಟ್ಟಿಗೆ ಬಂದು ಅವನ ಮೇಲೆ ಕುಳಿತುಬಿಟ್ಟಿತು.

ಹಾಸಿಗೆಯಪ್ಪನ ನಿದ್ದೆಯನ್ನು ಮೊದಲ ಸಲ ನೋಡುವವರು ಹೆದರುವುದರಲ್ಲಿ ತಪ್ಪಿಲ್ಲ. ಬಾಯಿ ಬಾಗಿಲಿನಂತೆ ತೆರೆಯುತ್ತದೆ. ಗೊರಕೆ ಏರುತ್ತ ಏರುತ್ತ ತುದಿಗೆ ಹೋಗಿ ಫಕ್ಕನೆ ನಿಲ್ಲುತ್ತದೆ. ಸತ್ತನೋ ಎನ್ನುವಷ್ಟರಲ್ಲಿ ಬಾವಿಯಿಂದ ಕೊಡ ಮೇಲೆದ್ದ ಸದ್ದಿನೊಂದಿಗೆ ಮತ್ತೆ ಶುರು. ಅಂದು ತುಟಿಯ ಸುತ್ತ ಬೀಟ್‌ರೂಟಿನ ಕೆಂಪು ಬೇರೆ.

"ಸಾರ್‌ಗೆ ಗಂಟಲು ಕಟ್ತಿದೆ," ಎಂದ ಕಾವಲಿನ ಆದಿಮಾನವ.

ಮೇಲ್ವಿಚಾರಕಿ ವಾಕಿಟಾಕಿಯಲ್ಲಿ ಏನೋ ಕೂಗಿದಳು. ನಗಾರಿ ಈ ಸಲ ನಿಲ್ಲದೆ ಮೊಳಗತೊಡಗಿತು. ನಾಲ್ಕಾರು ಆದಿಮಾನವರು ಓಡಿ ಬಂದರು. ಬಾಗಿಲ ಹೊರಗೆ ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಡೈನೋಸಾರ್ ವೇಷದವನೂ ಬಾಲ ಎಳೆದುಕೊಂಡು ಬಂದ. ಕನ್ನಡಕದ ಹೆಂಗಸು, "ಅಯ್ಯೋ ಪಾಪ, ಒಳ್ಳೆ ಮನುಷ್ಯ" ಎಂದಳು. ನಲ್ಲಿಯ ಹತ್ತಿರದಿಂದ ಗುಬ್ಬಿ, "ನಿದ್ದೆ, ಅದು ನಿದ್ದೆ, ಅಪ್ಪ ಮಲಗೋದೇ ಹಾಗೆ" ಎಂದು ಕೂಗುತ್ತ ಬಂದಳು. ನಗಾರಿಯ ಮುಂದೆ ಗುಬ್ಬಿಯ ದನಿ ಎಷ್ಟರದು? ಹೆಂಡತಿ ಜನರ ಬೆನ್ನುಗಳ ಹಿಂದೆ ಸಿಕ್ಕಿಕೊಂಡಳು.

ಆಗ ಎದ್ದವನು ಬಣ್ಣದ ಭಾವ. ಅಲರ್ಜಿ ಎಂಬುದೇ ಸುಳ್ಳು ಎನ್ನುತ್ತಿದ್ದ ಆ ಮನುಷ್ಯ, ತಂಗಿ ಹಿಂದೊಮ್ಮೆ ಪೆನ್ನನ್ನು ಹೇಗೆ ಒತ್ತಬೇಕೆಂದು ತೋರಿಸಿದಾಗ ಆಕಳಿಸುತ್ತ ನೋಡಿದ್ದ. ಈಗ ಕೈಚೀಲ ಸುರಿದು, ಕೈಗೆ ಸಿಕ್ಕಿದ ಪೆನ್ನಿನ ಮುಚ್ಚಳ ಕಿತ್ತು, ಕಣ್ಣು ಮುಚ್ಚಿ, ಹಾಸಿಗೆಯಪ್ಪನ ತೊಡೆಗೆ ಪ್ಯಾಂಟಿನ ಮೇಲಿಂದಲೇ ಒತ್ತಿ ಹಿಡಿದ.

ಹಾಸಿಗೆಯಪ್ಪ ಎಚ್ಚರಗೊಂಡ. ಎಚ್ಚರಗೊಂಡ ಎಂದರೆ ಸಾಲದು. ಕುರ್ಚಿ ಬಿಟ್ಟು ಒಂದು ಮೊಳ ಮೇಲೆದ್ದ. ಕಣ್ಣು ಬಿಟ್ಟರೆ ಎದುರಿಗೆ ಡೈನೋಸಾರಿನ ಹಲ್ಲು, ಅದರ ಪಕ್ಕ ಕಣ್ಣೀರು ಸುರಿಸುವ ಭಾವ. ತಾನು ಬಹಳ ಹಿಂದಿನ ಯಾವುದೋ ಕಾಲಕ್ಕೆ ಬಂದಿದ್ದೇನೆ, ಭಾವ ಅಲ್ಲಿಗೂ ಬಂದಿದ್ದಾನೆ ಎಂದು ಅವನಿಗೆ ಅನ್ನಿಸಿತು. ಎದೆ ನಗಾರಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಸ್ಟ್ರೆಚರ್ ಬಂತು. ಅವನನ್ನು ಹೊತ್ತುಕೊಂಡು ತಿರುಗುವ ಬಟ್ಟಲುಗಳ ಆಟದ ಪಕ್ಕದಲ್ಲಿ, ಜಾರುಬಂಡೆಯ ಸಾಲಿನ ಮುಂದೆ, ಆಟಿಕೆ ರೈಲಿನ ಹಳಿ ದಾಟಿ ಪ್ರಥಮ ಚಿಕಿತ್ಸೆಯ ಕೋಣೆಗೆ ಹೋದರು. ದಾರಿಯುದ್ದಕ್ಕೂ ಜನ ನೋಡಿದರು. ಕೆಲವರು ಇದೂ ಒಂದು ಆಟವೆಂದುಕೊಂಡು ಎಲ್ಲಿ ಟಿಕೆಟ್ ಎಂದು ಕೇಳಿದರು.

ಕೋಣೆಯಲ್ಲಿ ಒಬ್ಬ ನರ್ಸ್ ಇದ್ದರು. ಮಧ್ಯವಯಸ್ಸಿನವರು, ಬೆಳಗಿನಿಂದ ತರಚಿದ ಮಂಡಿಗಳನ್ನೇ ನೋಡಿ ಬೇಸತ್ತವರು. ನಾಡಿ ಹಿಡಿದರು. "ತುಂಬಾ ಜೋರಾಗಿದೆ. ಕೈ ನಡುಗ್ತಿದೆ. ತುಟಿ ಸುತ್ತ ಕೆಂಪು ಇಳಿದಿಲ್ಲ." ಖಾಲಿ ಪೆನ್ನನ್ನು ಭಾವನ ಕೈಯಿಂದ ತೆಗೆದುಕೊಂಡು ನೋಡಿದರು. "ಇದು ಮಕ್ಕಳ ಪೆನ್ನು. ಇಷ್ಟು ದೊಡ್ಡ ಆಳಿಗೆ ಇದು ಎಲ್ಲಿ ಸಾಲುತ್ತೆ? ಇನ್ನೊಂದು ಕೊಡಬೇಕು. ದೊಡ್ಡವರದು."

ಅವರು ಕಪಾಟು ತೆರೆದರು. ಸಿರಿಂಜು ಹೊರಬಂತು. ಹಾಸಿಗೆಯಪ್ಪ ಹುಟ್ಟು ಅಂಜುಬುರುಕ. ಮಗಳ ರಕ್ತಪರೀಕ್ಷೆಗೆ ಹೋದಾಗ ಹೊರಗೆ ಬೆಂಚಿನ ಮೇಲೆ ತಲೆತಿರುಗಿ ಬಿದ್ದವನು. ಸೂಜಿಯನ್ನು ನೋಡಿದ. ಬಾಗಿಲ ಬಳಿ ನಿಂತವರನ್ನು ನೋಡಿದ: ಕೈ ಹಿಸುಕಿಕೊಳ್ಳುವ ಹೆಂಡತಿ, ಭಾವ, ಭಾವನ ಮಗ, ಮೇಲ್ವಿಚಾರಕಿ, ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡ ಡೈನೋಸಾರ್. ಎಲ್ಲರ ಮುಂದೆ ಗುಬ್ಬಿ, ಬಿಳಿಚಿಕೊಂಡು.

"ರೀ," ಎಂದಳು ಹೆಂಡತಿ, "ಸಾಕು, ಹೇಳಿಬಿಡಿ."

"ಏನು ಹೇಳೋದು?" ಎಂದ ಹಾಸಿಗೆಯಪ್ಪ. ಹಲ್ಲು ಕಟಕಟ ಎನ್ನುತ್ತಿತ್ತು. ಇನ್ನೊಂದು ತೊಡೆಯನ್ನು ಮುಂದೆ ಮಾಡಿ ಗೋಡೆಯ ಕಡೆ ಮುಖ ತಿರುಗಿಸಿದ. "ಹಾಕಿ ಸಿಸ್ಟರ್."

"ಬೇಡ," ಎಂದಳು ಗುಬ್ಬಿ.

ನರ್ಸ್ ತಿರುಗಿದರು.

"ಹಾಕಬೇಡಿ. ಅಲರ್ಜಿ ನನಗೆ. ಅವರಿಗೆ ಬರೀ ನಿದ್ದೆ."

ನರ್ಸ್ ಒಂದು ತುಂಡು ಹತ್ತಿಯನ್ನು ನೀರಿನಲ್ಲಿ ಅದ್ದಿ ಹಾಸಿಗೆಯಪ್ಪನ ತುಟಿ ಒರೆಸಿದರು. ಕೆಂಪೆಲ್ಲ ಹತ್ತಿಗೆ ಬಂತು. ಮೂಸಿ ನೋಡಿದರು. "ಬೀಟ್‌ರೂಟ್," ಎಂದು ಮೇಲ್ವಿಚಾರಕಿಗೆ ತೋರಿಸಿ, ಸಿರಿಂಜನ್ನು ಕಪಾಟಿಗೆ ವಾಪಸು ಇಟ್ಟರು. "ಮಕ್ಕಳ ಪೆನ್ನಾದ್ದರಿಂದ ಬಚಾವು. ಎದೆ ಬಡಿತ ಇಳಿಯೋ ತನಕ ಇಲ್ಲೇ ಮಲಗಿರಬೇಕು. ನಿದ್ದೆ ಬಂದ್ರೆ ಮಾತ್ರ ನನಗೆ ಮೊದಲೇ ಹೇಳಿ."

ಹೆಂಡತಿ ಬಾಗಿಲಲ್ಲೇ ನಿಂತು, ಸಾಲಿನಲ್ಲಿ ನಡೆದ ಮಾತನ್ನೆಲ್ಲ ಅಣ್ಣನಿಗೆ ಹೇಳಿದಳು. ಕೇಳಿಸಿಕೊಂಡ ಭಾವನ ಮಗ ಗುಬ್ಬಿಯನ್ನು ಹೊಸದಾಗಿ ನೋಡಿದ. "ಹಾಗಾದ್ರೆ ಆ ನಗಾರಿ ನಿಂದಾ? ಅಷ್ಟು ದೊಡ್ಡದು?" ಎಂದವನ ದನಿಯಲ್ಲಿ ಶುದ್ಧ ಹೊಟ್ಟೆಕಿಚ್ಚಿತ್ತು. "ಅಪ್ಪ, ನನಗೂ ಏನಾದ್ರೂ ಆಗಲ್ಲ ಅಂತ ಹೇಳು."

ಭಾವ ಮಗನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಖಾಲಿ ಪೆನ್ನು ಮತ್ತೆ ಅವನ ಕೈಗೆ ಬಂದಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗುಬ್ಬಿಯ ಕಡ್ಡಿಯಂಥ ಕಾಲನ್ನು ನೋಡಿದ.

"ಇದನ್ನ ಇವಳಿಗೆ ಚುಚ್ಚಬೇಕಾ?"

"ಬೇಕಾದಾಗ ಚುಚ್ಚಲೇಬೇಕು ಅಣ್ಣ," ಎಂದಳು ತಂಗಿ. "ಕಣ್ಣು ಮುಚ್ಚಿಕೊಳ್ಳೋ ಹಾಗಿಲ್ಲ."

"ನೀನು ಚುಚ್ಚಿದ್ದೀಯ?"

"ಒಂದು ಸಲ."

ಭಾವ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತ. ಆಮೇಲೆ ಎದ್ದು ಹೊರಗೆ ಹೋಗಿ, ತಾಯಿಗೂ ಬೀಗಿತ್ತಿಗೂ ಫೋನು ಮಾಡಿ ಹಿಂದಿನ ಸುದ್ದಿ ತಪ್ಪೆಂದು ಹೇಳಿದ. ಇಬ್ಬರೂ ನಂಬಲಿಲ್ಲ. ಕೆಟ್ಟ ಸುದ್ದಿಯನ್ನು ಒಮ್ಮೆ ಒಪ್ಪಿಕೊಂಡ ಮೇಲೆ ಹಿಂದಕ್ಕೆ ಕೊಡುವುದು ನಮ್ಮ ಬಂಧುಬಳಗದಲ್ಲಿ ಪದ್ಧತಿಯಿಲ್ಲ. ಹಾಸಿಗೆಯಪ್ಪನ ತಾಯಿಯಂತೂ, ಮಗನಿಗೆ ಪ್ರಜ್ಞೆ ತಪ್ಪಿದಾಗ ಬೀಗರ ಕಡೆಯವರು ಏನೋ ಚುಚ್ಚಿದ್ದಾರೆ ಎಂಬಷ್ಟನ್ನು ಮಾತ್ರ ಹಿಡಿದುಕೊಂಡರು.

ಮಿಕ್ಕವರು ಹೊರಗೆ ಹೋದರು. ಗುಬ್ಬಿ ಹೋಗಲಿಲ್ಲ. ಮಂಚದ ತುದಿಯಲ್ಲಿ ಕುಳಿತು ಕಾಲು ಆಡಿಸುತ್ತಿದ್ದಳು.

"ನೀನು ಆಟಕ್ಕೆ ಹೋಗಮ್ಮ."

"ಬೇಡ." ಸ್ವಲ್ಪ ತಡೆದು, "ಅಪ್ಪ, ಎಲ್ಲರೂ ನಿನ್ನನ್ನೇ ನೋಡ್ತಿದ್ರಲ್ಲ, ಹೇಗಾಯ್ತು?" ಎಂದಳು.

ಹಾಸಿಗೆಯಪ್ಪ ಚಾವಣಿ ನೋಡಿದ. "ಮೊದಲು ನಾಚಿಕೆ ಆಯ್ತು."

"ಆಮೇಲೆ?"

"ಆಮೇಲೆ ಸುಸ್ತಾಯ್ತು."

"ಹೂಂ," ಎಂದಳು ಗುಬ್ಬಿ. "ನನಗೂ ಹಾಗೇ."

ಅವಳ ಬೂಟಿನ ದಾರ ಬಿಚ್ಚಿತ್ತು. ಹಾಸಿಗೆಯಪ್ಪ ನಡುಗುವ ಕೈಯಲ್ಲೇ ಅದನ್ನು ಕಟ್ಟಲು ನೋಡಿದ. ಆಗಲಿಲ್ಲ. ಕೊನೆಗೆ ಗುಬ್ಬಿಯೇ ಕಟ್ಟಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ನರ್ಸ್ ಬಿಟ್ಟರು. ಚೀಲದಲ್ಲಿ ಉಳಿದದ್ದು ಒಂದೇ ಪೆನ್ನು, ಇನ್ನು ಇಲ್ಲಿ ತಿರುಗಾಡುವುದು ಬೇಡ, ಮನೆ ಸೇರೋಣ ಎಂದಳು ಹೆಂಡತಿ. ಭಾವ ಎರಡನೆಯ ಮಾತಾಡದೆ ಒಪ್ಪಿದ. ಆದರೆ ಎಲ್ಲರಿಗೂ ಹಸಿವು. ಗೇಟಿನ ಪಕ್ಕದಲ್ಲಿ ಒಂದು ಪುಟ್ಟ ತಿಂಡಿಯ ಗೂಡಂಗಡಿ. ಹಾಸಿಗೆಯಪ್ಪ ಮುಂದೆ ಹೋಗಿ, ಗಂಟಲು ಸರಿಮಾಡಿಕೊಂಡು, ಭಾಷಣಕ್ಕೆ ಬಾಯಿ ತೆರೆದ.

"ನಾನೇ ಹೇಳ್ತೀನಿ," ಎಂದಳು ಗುಬ್ಬಿ.

ಹೇಳಿದಳು. ಮೊದಲು ದನಿ ಹೊರಡಲಿಲ್ಲ. ಹೊರಟ ಮೇಲೆ ನಿಲ್ಲಲಿಲ್ಲ. ಕಡಲೆಕಾಯಿ ಎಂದಳು, ಕಡಲೆಕಾಯಿ ಎಣ್ಣೆ ಎಂದಳು, ಮೊಟ್ಟೆ ಮುಟ್ಟಿದ ಚಮಚ ಎಂದಳು. ತಿಂದರೆ ಏನಾಗುತ್ತದೆಂದು ತುಟಿ ಉಬ್ಬಿಸಿ ತೋರಿಸಿದಳು. ಹಿಂದೆ ಸಾಲು ಬೆಳೆಯಿತು. ಯಾರೋ ಲೊಚಗುಟ್ಟಿದರು. ಎಲ್ಲರೂ ಅವಳನ್ನೇ ನೋಡಿದರು. ಹಾಸಿಗೆಯಪ್ಪ ನಡುವೆ ಒಂದು ಮಾತು ಸೇರಿಸಲು ಹೋದಾಗ ಹೆಂಡತಿ ಮೊಣಕೈ ಚಿವುಟಿದಳು.

ಅಂಗಡಿಯವನು ಪೂರ್ತಿ ಕೇಳಿದ. ಒಂದೊಂದು ಡಬ್ಬಿಯ ಕಡೆಯೂ ಕೈ ಚಾಚಿ, ಅನುಮಾನಪಟ್ಟು, ಹಿಂದೆಗೆದ. ಕೊನೆಗೆ ಮೇಲೆ ತೂಗುತ್ತಿದ್ದ ಬಾಳೆಗೊನೆಯಿಂದ ಒಂದು ಚಿಪ್ಪು ಇಳಿಸಿದ. "ಇದಾದ್ರೆ ಆಗಬಹುದಾಮ್ಮ? ಸಿಪ್ಪೆ ನೀನೇ ಸುಲಿ. ನಾನು ಒಳಗೆ ಕೈ ಹಾಕಿಲ್ಲ."

ಗುಬ್ಬಿ ಕೈ ಚಾಚುವ ಮುಂಚೆ ಬಣ್ಣದ ಭಾವ ನಡುವೆ ಬಂದ. "ತಡಿ ಮರಿ. ಬಾಳೆಹಣ್ಣಲ್ಲಿ ಏನೇನು ಇರುತ್ತೆ ಅಂತ ಮೊದಲು ಕೇಳೋಣ."

"ಬಾಳೆಹಣ್ಣಲ್ಲಿ ಬಾಳೆಹಣ್ಣೇ ಮಾವ ಇರೋದು," ಎಂದಳು ಗುಬ್ಬಿ.

ಭಾವ ಅದನ್ನು ತೂಗಿ ನೋಡುವವನಂತೆ ತಲೆಯಾಡಿಸಿದ. ಆದರೂ ಚಿಪ್ಪಿನಿಂದ ಒಂದು ಹಣ್ಣು ಮುರಿದು, ಮೂಗಿನ ಹತ್ತಿರ ಹಿಡಿದು ಆ ಕಡೆಯಿಂದ ಈ ಕಡೆಯವರೆಗೆ ಮೂಸಿ ನೋಡಿ, ಆಮೇಲೆ ಅವಳ ಕೈಗೆ ಕೊಟ್ಟ.